ಆ ಮನೆಯಲ್ಲಿ ರಿಂಗಾಗದ ಫೋನು

“ಸಿಸ್ಟರ್... ಒಂದು ವಿಷಯ ಹೇಳ್ಲಾ? ನಾನೀಗ ನಿಮ್ಮ ಮನೆ ಹಾಲ್‌ನಲ್ಲೇ ಕೂತಿದ್ದೀನಿ.”

ರಿಸೀವರ್ ಅವಳ ಕಿವಿಯಲ್ಲಿತ್ತು. ನಾನು ಪಕ್ಕದಲ್ಲಿ ಬಗ್ಗಿ ಕಿವಿಗೊಟ್ಟಿದ್ದೆ. ಇಬ್ಬರಿಗೂ ಕೇಳಿಸಿತು.

“ನನ್ನ ಮೊಬೈಲಿಂದ ನಿಮ್ಮ ಮನೆ ನಂಬರಿಗೆ ಮಾಡಿದೆ. ನೀವು ಎತ್ತಿದ್ರಿ, ಹಲೋ ಅಂದ್ರಿ. ಆದರೆ ಇಲ್ಲಿ ರಿಂಗೇ ಆಗ್ಲಿಲ್ವಲ್ಲಾ! ಟೇಬಲ್ ಮೇಲೆ ಫೋನೂ ಇಲ್ಲ, ಮನೇಲಿ ನೀವೂ ಇಲ್ಲ. ಇದೇನಮ್ಮಾ ಮಾಯ?”



ಆ ದನಿ ಊರಿಗೆಲ್ಲ ಗೊತ್ತು. ಅದು ಏರಿದ್ದಿಲ್ಲ, ಒರಟಾದದ್ದಿಲ್ಲ. ಅದಕ್ಕೇ ಅವನಿಗೆ ಬೆಣ್ಣೆ ಎಂದು ಹೆಸರು. ಕಟ್ಟಡದ ಕಂಟ್ರಾಕ್ಟರ್. ಎದುರು ನಿಂತವರನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದುಬಿಡುತ್ತಾನೆ!

ಅವನ ಪಾಲುದಾರ ಆಸ್ಪತ್ರೆಯಲ್ಲಿ ಮಲಗಿದ್ದಾಗ ಬೆಣ್ಣೆ ಹಣ್ಣಿನ ಬುಟ್ಟಿ ಹಿಡಿದು ನೋಡಲು ಬಂದ. ಬುಟ್ಟಿ ಮೇಜಿನ ಮೇಲಿಟ್ಟ. ಆಕ್ಸಿಜನ್ ಕೊಳವೆ ಕಿತ್ತ. ಉಸಿರು ನಿಂತದ್ದನ್ನು ನೋಡಿಕೊಂಡು ಮತ್ತೆ ಸಿಕ್ಕಿಸಿದ. ಪರದೆಯ ಆಚೆ ಸಿರಿಂಜಿಗೆ ಔಷಧಿ ತುಂಬುತ್ತಿದ್ದ ಸಿಸ್ಟರ್ ಎಲ್ಲವನ್ನೂ ಕಂಡಳು.

ಅವಳೇ ಈಗ ನನ್ನ ಪಕ್ಕದಲ್ಲಿ ರಿಸೀವರ್ ಹಿಡಿದು ಕೂತಿದ್ದವಳು. ಬೆಣ್ಣೆ ಜಾಮೀನಿನ ಮೇಲೆ ಹೊರಗಿದ್ದ. ನಾಳೆ ಬೆಳಿಗ್ಗೆ ಕೋರ್ಟಿನಲ್ಲಿ ಅವಳ ಸಾಕ್ಷಿ.

ನಾನು ಯಾರೆನ್ನುತ್ತೀರಾ? ಮೊದಲು ಟೆಲಿಫೋನ್ ಲೈನ್‌ಮನ್. ಕಂಬ ಹತ್ತಲು ಮೊಣಕಾಲು ಒಪ್ಪದಾದಾಗ ಕೆಳಗಿಳಿದು ಈ ಕಸುಬು ಹಿಡಿದೆ. ಕಳೆದುಹೋದವರನ್ನು ಹುಡುಕಿಕೊಡುತ್ತೇನೆ. ಕೈಗೆ ಸಿಗಬಾರದವರನ್ನು ಬಚ್ಚಿಡುತ್ತೇನೆ.

ಈ ಸಲ ಬಚ್ಚಿಟ್ಟದ್ದು ನನ್ನಾಕೆಯ ಹೊಲಿಗೆ ಕೋಣೆಯಲ್ಲಿ. ಕೆಳಗೆ ಒಂದು ಹಳೆಯ ಪ್ರಿಂಟಿಂಗ್ ಪ್ರೆಸ್, ಮೇಲೆ ಈ ಕೋಣೆ. ಕಾಲಿನಿಂದ ತುಳಿಯುವ ಮೆಷಿನ್, ದೊಡ್ಡ ಕತ್ತರಿ, ಅರ್ಧ ಹೊಲಿದ ಒಂದು ಮಗುವಿನ ಅಂಗಿ... ದೇವರು ಅವಳನ್ನು ಕರೆಸಿಕೊಂಡ ಮೇಲೆ ನಾನು ಆ ಬಾಗಿಲು ತೆರೆದಿರಲಿಲ್ಲ. ಕೊನೆಯ ದಿನಗಳಲ್ಲಿ ನನ್ನಾಕೆಯ ತಲೆ ಬಾಚಿದವಳು, ಬಾಯಿಗೆ ನೀರು ಬಿಟ್ಟವಳು ಈ ಸಿಸ್ಟರ್. ಅಂಥವಳು ಬಂದು “ಅಣ್ಣಾ, ನನ್ನನ್ನು ಎಲ್ಲಾದ್ರೂ ಅಡಗಿಸಿಡು” ಎಂದಾಗ ಬೇರೆ ಕೀಲಿಕೈ ನನ್ನ ಕೈಗೆ ಸಿಗಲಿಲ್ಲ.

ಬಚ್ಚಿಟ್ಟರಷ್ಟೇ ಸಾಲದು. ಅವಳು ಮನೆಯಲ್ಲೇ ಇದ್ದಾಳೆ ಎಂದು ಬೆಣ್ಣೆ ನಂಬಬೇಕು, ಇಲ್ಲವಾದರೆ ಊರೆಲ್ಲ ಹುಡುಕಿಸುತ್ತಾನೆ. ಹೊತ್ತಲ್ಲದ ಹೊತ್ತಿಗೆ ಅವಳ ಮನೆಗೆ ಫೋನ್ ಮಾಡುತ್ತಿದ್ದ. ಅವಳ ದನಿ ಕೇಳುವವರೆಗೆ ಕಾದು, ಇಟ್ಟುಬಿಡುತ್ತಿದ್ದ.

ಅವಳ ಮನೆಯ ಫೋನು ಇಂಟರ್‌ನೆಟ್ ಫೋನು. ಅಂಗೈಯಗಲದ ಒಂದು ಕಪ್ಪು ಡಬ್ಬಿ, ಅಡಾಪ್ಟರ್ ಎನ್ನುತ್ತಾರೆ. ಒಂದು ಕಡೆ ಇಂಟರ್‌ನೆಟ್ ತಂತಿ, ಇನ್ನೊಂದು ಕಡೆ ಮಾಮೂಲಿ ಫೋನು. ನಮ್ಮ ಕಾಲದಲ್ಲಿ ನಂಬರು ಕಂಬದಿಂದ ಗೋಡೆಗೆ ಬರುತ್ತಿತ್ತು, ಗೋಡೆಯಲ್ಲೇ ಇರುತ್ತಿತ್ತು. ಈಗ ನಂಬರು ಡಬ್ಬಿಯಲ್ಲಿರುತ್ತದೆ. ಡಬ್ಬಿಯನ್ನು ಎಲ್ಲಿಗೆ ಒಯ್ದು ಸಿಕ್ಕಿಸಿದರೂ ಅಲ್ಲಿ ಅದೇ ನಂಬರು ರಿಂಗಾಗುತ್ತದೆ.

ಇದು ಹೊಳೆದಾಗ ನನಗೆ ನಾನೇ ಶಭಾಷ್ ಎಂದುಕೊಂಡೆ! ಕೆಳಗಿನ ಪ್ರೆಸ್ಸಿನ ಇಂಟರ್‌ನೆಟ್ಟಿನಿಂದ ಒಂದು ತಂತಿ ಕಿಟಕಿಯಲ್ಲಿ ಮೇಲೆಳೆದೆ. ಡಬ್ಬಿಗೆ ಸಿಕ್ಕಿಸಿದೆ. ಫೋನ್ ಜೋಡಿಸಿದೆ. ಕರೆಂಟು ಕೊಟ್ಟೆ. ಸಣ್ಣ ದೀಪಗಳು ಮಿಣಮಿಣ ಎಂದು, ಆಮೇಲೆ ಒಂದೊಂದಾಗಿ ನಿಂತು ಉರಿದವು. ರಿಸೀವರ್ ಎತ್ತಿದರೆ... ಗುಂಯ್ ಎಂಬ ಡಯಲ್ ಟೋನ್! ಡಬ್ಬಿಯಲ್ಲಿ ಫೋನಿಗೆಂದು ಎರಡು ತೂತುಗಳಿದ್ದವು. ಒಂದರಲ್ಲಿ ಮಾತು ನಡೆದಿರುವಾಗಲೇ ಇನ್ನೊಂದರಿಂದ ಬೇರೆ ಕರೆ ಮಾಡಬಹುದು. ಎರಡೂ ಕೆಲಸ ಮಾಡುತ್ತವೆಯೇ ಎಂದು ನನ್ನಾಕೆಯ ಹಳೆಯ ಫೋನಿನ ವೈರನ್ನು ಎರಡನೆಯದಕ್ಕೂ ಸಿಕ್ಕಿಸಿ, ಆ ಗುಂಯ್ ಕೇಳಿಕೊಂಡು, ಬಿಚ್ಚಿಟ್ಟೆ.

ನಮ್ಮ ಮೊಬೈಲುಗಳು ಇಲ್ಲಿರಲಿಲ್ಲ. ಮೊಬೈಲ್ ಎಂದರೆ ಜೇಬಿನಲ್ಲಿ ಕೂತ ಚಾಡಿಕೋರ. ಎಲ್ಲಿದ್ದೇವೆಂದು ಊರಿಗೆ ಹೇಳುತ್ತದೆ. ಕೋಣೆ ಖಾಲಿ ಎಂದು ಕಾಣಲಿ ಎಂದು ಮೆಟ್ಟಿಲ ಮೇಲಿನ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಸಿದ್ದೆ. ಪ್ರೆಸ್ಸಿನವ ಸಂಜೆ ಬಂದು ತೆಗೆಯುತ್ತಿದ್ದ. ಅತ್ತ ಅವಳ ಮನೆಗೆ ಹಿತ್ತಿಲ ಬಾಗಿಲಿನಿಂದ ಅವಳ ತಮ್ಮ ಹೋಗಿ ಬರುತ್ತಿದ್ದ. ಎರಡು ಬಟ್ಟೆ ಒದ್ದೆ ಮಾಡಿ ಹರವುತ್ತಿದ್ದ. ದೀಪ ಹಾಕಿ, ಆರಿಸಿ, ಮನೆಯಲ್ಲಿ ಜನ ಇದ್ದಾರೆ ಎನ್ನಿಸುತ್ತಿದ್ದ.

ಎಲ್ಲ ಸರಿ. ಒಂದೇ ಒಂದು ನನ್ನ ತಲೆಗೆ ಹೊಳೆದಿರಲಿಲ್ಲ.

ಬೆಣ್ಣೆ ಬೀಗ ಒಡೆದು ಒಳಗೆ ಕೂತು ಫೋನ್ ಮಾಡಿದರೆ?

“ಸಿಸ್ಟರ್, ಮಾತಾಡಿ ಅಮ್ಮಾ. ಲೈನ್ ಕಟ್ ಮಾಡ್ಬೇಡಿ ಮಾತ್ರ. ಇಲ್ಲಿ ಇನ್ನೊಬ್ಬರಿದ್ದಾರೆ. ನಿಮ್ಮ ಬಟ್ಟೆ ಹರವ್ತಾ ಇದ್ರು ಪಾಪ. ತಗೋಪ್ಪಾ, ಅಕ್ಕನ ಹತ್ರ ಮಾತಾಡು.”

ಏನೋ ಎಳೆದ ಸದ್ದು. ಆಮೇಲೆ ಏದುಸಿರು.

“ಅಕ್ಕಾ...”

ಸಿಸ್ಟರ್ ಕಣ್ಣು ಮುಚ್ಚಿದಳು.

“ಅಕ್ಕಾ, ನಿನ್ನ ಬಟ್ಟೆ ಒಣಗಿಲ್ಲ ಕಣೆ. ಬಿಸಿಲೇ ಇಲ್ಲ. ನೀನು ಏನೂ ಹೇ—”

ಛಟೀರ್! ಏಟು ಬಿದ್ದದ್ದು ಈ ಕಡೆಗೂ ಕೇಳಿಸಿತು.

“ತಮಾಷೆ ಹುಡುಗ,” ಎಂದ ಬೆಣ್ಣೆ. “ವಾಚ್ ರಿಪೇರಿ ಅಂಗಡಿ ಅಲ್ವಾ ಇವನದು? ಸಣ್ಣ ಸಣ್ಣ ಸ್ಕ್ರೂ ಹಿಡಿಯೋ ಬೆರಳು... ಎಷ್ಟು ನಾಜೂಕು ನೋಡಿ. ನೀವು ಎಲ್ಲಿದ್ದೀರಿ ಅಂತ ಹೇಳ್ಬಿಡಿ. ಬೆರಳು ಅವನ ಹತ್ರಾನೇ ಇರಲಿ.”

ಹೇಳಿದರೆ ಅವಳ ಜೀವ ಹೋಗುತ್ತದೆ. ಹೇಳದಿದ್ದರೆ ತಮ್ಮನದು. ಬೆಣ್ಣೆ ಎರಡನ್ನೂ ಬಿಡುವವನಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಅವಳು ನನ್ನತ್ತ ನೋಡಿದಳು. ನನ್ನ ಬಳಿ ಏನಿತ್ತು ಮಣ್ಣು! ದೇವರೇ, ನನ್ನ ಬುದ್ಧಿಯನ್ನು ನಂಬಿ ಬಂದವಳು ಇವಳು... ನನ್ನ ಬುದ್ಧಿಗೆ ಬೆಂಕಿ ಬಿತ್ತು, ನೀನಾದರೂ ಒಂದು ದಾರಿ ತೋರಿಸು.

ಆಗಲೇ ಕೆಳಗೆ ಪ್ರೆಸ್ಸಿನವನು ಮೆಷಿನ್ ಶುರು ಮಾಡಿದ.

ಟಪ್ಪ... ಟಪ್ಪ... ಟಪ್ಪ...

ನೆಲ ಅದುರಿತು. ಕಿಟಕಿ ತೆರೆದಿತ್ತು! ಓಡಿ ಹೋಗಿ ಮುಚ್ಚಿದೆ. ತಡವಾಗಿತ್ತು.

“ಇರಿ ಇರಿ... ಹಿಂದೆ ಏನದು ಸದ್ದು?” ಬೆಣ್ಣೆ ಉಸಿರು ಬಿಗಿಹಿಡಿದು ಆಲಿಸಿದ. “ಟ್ರೆಡಲ್ ಮೆಷಿನ್! ಅಯ್ಯೋ, ನನ್ನ ಮದುವೆ ಕಾರ್ಡು ಅಂಥದ್ರಲ್ಲೇ ಅಚ್ಚಾಗಿದ್ದು. ಈಗೆಲ್ಲ ಕಂಪ್ಯೂಟರು... ಲೋ, ಊರಲ್ಲಿ ಹಳೇ ಟ್ರೆಡಲ್ ಪ್ರೆಸ್ ಎಷ್ಟು ಉಳಿದಿವೆಯೋ?”

ದೂರದಿಂದ ಒಂದು ಗಡಸು ದನಿ: “ಎರಡು, ಬಾಸ್.”

“ಒಂದೊಂದಕ್ಕೆ ಒಬ್ಬೊಬ್ಬರು ಹೋಗ್ರಿ. ಗೂಳಿ, ನೀನು ಹತ್ತಿರದ್ದಕ್ಕೆ ಹೋಗು. ಬೇಗ.”

ಬಾಗಿಲು ಬಡಿದ ಸದ್ದು. ಬೈಕು ಸ್ಟಾರ್ಟ್ ಆದ ಸದ್ದು.

ಹತ್ತಿರದ್ದು ಎಂದರೆ ನಮ್ಮದೇ.

“ನೋಡಿದ್ರಾ ಸಿಸ್ಟರ್? ನೀವು ಹೇಳ್ದಿದ್ರೂ ನಿಮ್ಮ ಫೋನ್ ಹೇಳ್ತು.”

ಕೂಗಿ ಪ್ರೆಸ್ಸಿನವನನ್ನು ಕರೆಯೋಣವೆಂದರೆ ಬೆಣ್ಣೆಗೆ ಕೇಳಿಸುತ್ತದೆ. ಆ ಮೆಷಿನ್ನಿನ ಮುಂದೆ ಕೂತವನಿಗಂತೂ ಕೇಳಿಸುವುದಿಲ್ಲ. ಓಡೋಣವೆಂದರೆ ಬಾಗಿಲಿಗೆ ಬೀಗ. ಯಾರು ಹಾಕಿಸಿದ್ದು? ನಾನೇ! ನಾನು ನೇಯ್ದ ಬಲೆಯಲ್ಲಿ ನಾನೇ ನೊಣವಾಗಿ ಕೂತಿದ್ದೆ.

ಆಗ ಸಿಸ್ಟರ್ ಮಾತಾಡಿದಳು. ದನಿ ನಡುಗಲಿಲ್ಲ. ವಾರ್ಡಿನಲ್ಲಿ ರೋಗಿಯ ಮನೆಯವರನ್ನು ಗದರಿಸುವ ದನಿ ಅದು.

“ನೋಡಿ, ಅವನಿಗೆ ಸಕ್ಕರೆ ಕಾಯಿಲೆ ಇದೆ. ಮಧ್ಯಾಹ್ನ ತಿಂದಿದ್ದಾನೋ ಇಲ್ವೋ ಕೇಳಿ.”

“ಏನು?”

“ಕೇಳಿ ಅಂದೆ. ಹೊಟ್ಟೆ ಖಾಲಿ ಇದ್ರೆ ತಲೆ ತಿರುಗಿ ಬೀಳ್ತಾನೆ. ಬಿದ್ದವನನ್ನು ಇಟ್ಕೊಂಡು ನನ್ನ ಹತ್ರ ಏನು ಚೌಕಾಸಿ ಮಾಡ್ತೀರಿ? ಅಡುಗೆಮನೇಲಿ ಸಕ್ಕರೆ ಇದೆ. ಒಂದು ಚಮಚ ನೀರಿಗೆ ಹಾಕಿ ಕೊಡಿ.”

ಬೆಣ್ಣೆ ನಕ್ಕ. “ನನ್ನ ಕೈಲಿ ಪಾನಕ ಮಾಡಿಸ್ತೀರಾ ಸಿಸ್ಟರ್? ಭಲೇ!”

ಮಾತಾಡುತ್ತಲೇ ಅವಳು ಎಡಗೈಯಿಂದ ಆ ಕಪ್ಪು ಡಬ್ಬಿಯನ್ನು ತಲೆಕೆಳಗು ಮಾಡಿದಳು. ಹೊಟ್ಟೆಯಡಿ ಒಂದು ಬಿಳಿ ಸ್ಟಿಕ್ಕರ್. ಇರುವೆ ಸಾಲಿನಂಥ ಅಕ್ಷರ. ನಾನು ಅದನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ಸಿಸ್ಟರ್ ಮಾತ್ರ ಬಾಟ್ಲಿಯಿರಲಿ, ಮಾತ್ರೆಯಿರಲಿ, ಬೆಂಕಿಪೊಟ್ಟಣವೇ ಇರಲಿ, ಚೀಟಿ ಓದದೆ ಮುಟ್ಟುವವಳಲ್ಲ. ಕೈಯ ಅಭ್ಯಾಸ ಅದು. ಒಂದು ಸಾಲಿನ ಕೆಳಗೆ ಉಗುರು ಒತ್ತಿ ನನ್ನ ಕಡೆ ಹಿಡಿದಳು.

ಕನ್ನಡಕ ಮೂಗಿಗೆ ಒತ್ತಿ ಓದಿದೆ.

ಈ ಸಾಧನವನ್ನು ಬೇರೆಡೆಗೆ ಒಯ್ದರೆ ಹೊಸ ವಿಳಾಸವನ್ನು ಕಂಪನಿಗೆ ತಿಳಿಸಿ. ತಿಳಿಸದಿದ್ದಲ್ಲಿ ತುರ್ತು ಕರೆ ಮಾಡಿದಾಗ ಪೊಲೀಸರು ಹಳೆಯ ವಿಳಾಸಕ್ಕೇ ಹೋಗುತ್ತಾರೆ.

ನಾನು ತಿಳಿಸಿರಲಿಲ್ಲ! ತಿಳಿಸಬೇಕೆಂದೇ ಗೊತ್ತಿರಲಿಲ್ಲ.

ಅಂದರೆ ಈ ಡಬ್ಬಿಯಿಂದ ಪೊಲೀಸರನ್ನು ಕರೆದರೆ ಅವರು ಇಲ್ಲಿಗೆ ಬರುವುದಿಲ್ಲ. ಬೆಣ್ಣೆ ಕೂತಿರುವ ಹಾಲಿಗೆ ಹೋಗುತ್ತಾರೆ! ನಮ್ಮನ್ನು ಕಾಯಲು ಇಲ್ಲಿ ಯಾರೂ ಇರುವುದಿಲ್ಲ, ಅದು ಬೇರೆ ಮಾತು.

ಅವಳಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಉಗುರು ಒತ್ತಿದ್ದಳು.

ಹೊಲಿಗೆ ಮೆಷಿನ್ನಿನ ಮೇಲಿದ್ದ ನನ್ನಾಕೆಯ ಫೋನನ್ನು ಕೈಗೆತ್ತಿಕೊಂಡೆ. ವೈರನ್ನು ಎರಡನೆಯ ತೂತಿಗೆ ಒತ್ತಿದೆ. ಟಿಕ್ ಎಂದಿತು. ಫೋನನ್ನು ಕೋಣೆಯ ಮೂಲೆಗೆ ಒಯ್ದೆ. ಬಟ್ಟೆಯ ರಾಶಿಯಲ್ಲಿ ತಲೆ ತೂರಿಸಿದೆ. ಪೊಲೀಸ್ ನಂಬರ್ ಒತ್ತಿದೆ.

ಏನೂ ಆಗಲಿಲ್ಲ. ಗುಂಯ್ ಎನ್ನುತ್ತಲೇ ಇತ್ತು.

ಮತ್ತೆ ಒತ್ತಿದೆ. ಕಟಕಟ ಎಂದಿತೇ ಹೊರತು ಗುಂಯ್ ನಿಲ್ಲಲಿಲ್ಲ. ಅಷ್ಟು ವರ್ಷ ಕಂಬ ಹತ್ತಿದವನಿಗೆ ಆಗ ನೆನಪಾಯಿತು... ಹಳೆಯ ಫೋನು! ಕಟಕಟ ಎಂದು ಎಣಿಸಿ ನಂಬರ್ ಕಳಿಸುವ ಕಾಲದ್ದು. ಈ ಡಬ್ಬಿಗೆ ಆ ಭಾಷೆ ಬರುವುದಿಲ್ಲ. ಫೋನಿನ ತಳದಲ್ಲಿ ಕಟಕಟವನ್ನು ಹೊಸ ಕಾಲದ ಪೀಂಪೀಂ ಮಾಡುವ ಒಂದು ಸಣ್ಣ ಗುಂಡಿ ಇರುತ್ತದೆ. ಬೆರಳು ತಡಕಿತು, ಸಿಕ್ಕಿತು, ಇನ್ನೊಂದು ಕಡೆಗೆ ತಳ್ಳಿದೆ. ರಿಸೀವರನ್ನು ಎದೆಗೆ ಅವುಚಿಕೊಂಡು ಮತ್ತೆ ಒತ್ತಿದೆ. ಈ ಸಲ ಸದ್ದು ಪೀಂ... ಪೀಂ... ಎಂದಿತು.

“ಪೊಲೀಸ್ ಕಂಟ್ರೋಲ್ ರೂಮ್. ಹೇಳಿ.” ಹೆಣ್ಣು ದನಿ.

ಹೇಳುವುದು ಹೇಗೆ? ನಾಲ್ಕು ಹೆಜ್ಜೆ ಆಚೆ ಬೆಣ್ಣೆಯ ಕಿವಿ ಇತ್ತು!

“ಹಲೋ? ಮಾತಾಡಿ... ಮಾತಾಡೋಕೆ ಆಗ್ತಿಲ್ವಾ? ಹಾಗಿದ್ರೆ ಫೋನ್ ಮೇಲೆ ಒಂದ್ಸಲ ತಟ್ಟಿ.”

ಆ ತಾಯಿ ಯಾರ ಹೊಟ್ಟೆಯಲ್ಲಿ ಹುಟ್ಟಿದಳೋ, ಅವರ ಹೊಟ್ಟೆ ತಣ್ಣಗಿರಲಿ! ಉಗುರಿನಿಂದ ಒಮ್ಮೆ ತಟ್ಟಿದೆ.

“ಗೊತ್ತಾಯ್ತು. ಹೌದಾದ್ರೆ ಒಂದ್ಸಲ, ಇಲ್ಲಾಂದ್ರೆ ಎರಡ್ಸಲ ತಟ್ಟಿ. ನಿಮ್ಮ ವಿಳಾಸ ನನ್ನ ಮುಂದೆ ಇದೆ. ನೀರಿನ ಟ್ಯಾಂಕ್ ರಸ್ತೆ, ಮೂಲೆ ಮನೆ. ಸರಿನಾ?”

ಸುಳ್ಳು ಪಾಪ ಎಂದು ಕಲಿತವನು ನಾನು. ಬೆರಳು ಹೇಳಿದ ಸುಳ್ಳನ್ನು ದೇವರು ಯಾವ ಲೆಕ್ಕಕ್ಕೆ ಹಿಡಿಯುತ್ತಾನೋ ಅವನಿಗೇ ಗೊತ್ತು.

ಒಂದು ಸಲ ತಟ್ಟಿದೆ.

“ಮನೆಯೊಳಗೆ ಯಾರೋ ನುಗ್ಗಿದ್ದಾರಾ?”

ತಟ್ಟಿದೆ. ಇದು ನಿಜ.

“ಪೆಟ್ಟಾಗಿದೆಯಾ?”

ತಟ್ಟಿದೆ. ಇದೂ ನಿಜ.

“ಜೀಪ್ ಹತ್ತಿರದಲ್ಲೇ ಇದೆ. ಹೊರಡಿಸಿದೀನಿ. ಲೈನ್‌ನಲ್ಲೇ ಇರಿ.”

ಆಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿಸಿತು.

ದಪ್ಪ ಬೂಟು. ಆತುರವಿಲ್ಲದ ಬೂಟು. ಮೇಲೆ ಬಂತು. ನಿಂತಿತು. ಬಾಗಿಲಿನ ಆಚೆ ಬೀಗ ಗಲಗಲ ಎಂದಿತು.

ಸಿಸ್ಟರ್‌ಗೂ ಕೇಳಿಸಿತು. ಬಾಯಿ ಮಾತ್ರ ನಿಲ್ಲಲಿಲ್ಲ.

“...ಸಕ್ಕರೆ ಕೊಟ್ರಾ? ಕೊಡದೆ ನಾನು ಅಡ್ರೆಸ್ ಹೇಳಲ್ಲ.”

“ಅಡ್ರೆಸ್ ಯಾರಿಗೆ ಬೇಕಮ್ಮಾ ಈಗ? ನಮ್ಮ ಗೂಳಿ ಇಷ್ಟೊತ್ತಿಗೆ ಬಂದಿರ್ಬೇಕು. ಬಂದ್ನಾ?”

ಉತ್ತರಕ್ಕೆಂಬಂತೆ ಬಾಗಿಲಿಗೆ ಮೊದಲ ಏಟು ಬಿತ್ತು. ಧಡ್! ಧೂಳು ಉದುರಿತು.

“ಹಾಂ! ಬಂದ,” ಎಂದ ಬೆಣ್ಣೆ.

ಫೋನ್ ಕೆಳಗಿಟ್ಟೆ. ನೆಲದಲ್ಲಿ ಉಳಿಕೆ ಟೆಲಿಫೋನ್ ವೈರಿನ ಸುರುಳಿ ಬಿದ್ದಿತ್ತು. ಒಂದು ತುದಿಯನ್ನು ಹೊಲಿಗೆ ಮೆಷಿನ್ನಿನ ಕಬ್ಬಿಣದ ಕಾಲಿಗೆ ಸುತ್ತಿದೆ. ಇನ್ನೊಂದು ತುದಿಯನ್ನು ಬಾಗಿಲ ಚೌಕಟ್ಟಿನ ಕೊಕ್ಕೆಗೆ. ಕಂಬದ ಮೇಲೆ ಬಿಗಿಯುವ ಹಾಗೆ ಬಿಗಿದೆ. ನೆಲದಿಂದ ಒಂದು ಗೇಣು ಮೇಲೆ. ಗಂಟು ತಪ್ಪಲಿಲ್ಲ.

ಧಡ್!

ಕತ್ತರಿ ಕೈಗೆ ತೆಗೆದುಕೊಂಡೆ. ನನ್ನಾಕೆ ಅಷ್ಟು ಬಟ್ಟೆ ಕತ್ತರಿಸಿದ ಕತ್ತರಿ. ಇದರಿಂದ ಮನುಷ್ಯನನ್ನು ಇರಿಯಬೇಕೇ, ದೇವರೇ? ಮೆಷಿನ್ನಿನ ಮೇಲೆ ವಾಪಸಿಟ್ಟೆ. ಪಕ್ಕದಲ್ಲಿದ್ದ ಇಸ್ತ್ರಿ ಪೆಟ್ಟಿಗೆ ಹಿಡಿದೆ. ಹಳೆಯ ಕಾಲದ್ದು. ಎತ್ತುವುದಕ್ಕೇ ಒಂದು ಆಳು ಬೇಕು.

ಧಡಾರ್!

ಬೀಗ ಹಾರಿತು. ಬಾಗಿಲು ಬಿರಿಯಿತು. ಬಾಗಿಲ ತುಂಬ ಒಬ್ಬ ಮನುಷ್ಯ ನಿಂತಿದ್ದ. ಕೈಯಲ್ಲಿ ಹಾರೆ. ಹಲ್ಲು ತೋರಿಸಿದ.

“ಏನ್ ತಾತಾ? ಇಸ್ತ್ರಿ ಮಾಡ್ತಾ ಇದ್ದೀಯಾ?”

“ಹೌದಪ್ಪಾ. ನಿನ್ನ ಅಂಗಿ ಸುಕ್ಕಾಗಿದೆ. ಬಾ.”

ಬಂದ. ಗೂಳಿ ಹೇಗೆ ನುಗ್ಗಬೇಕೋ ಹಾಗೇ ನುಗ್ಗಿದ. ವೈರು ಕಾಲಿಗೆ ಸಿಕ್ಕಿತು. ಕಡಿದ ಮರದ ಹಾಗೆ ಉದ್ದಕ್ಕೆ ಬಂದ. ಮೆಷಿನ್ನಿನ ಕಬ್ಬಿಣಕ್ಕೆ ಹಣೆ ಬಡಿಯಿತು. ಮೇಲೇಳಲು ಕೈಯೂರಿದ. ಇಸ್ತ್ರಿ ಪೆಟ್ಟಿಗೆಯನ್ನು ಅವನ ಹೆಗಲ ಮೇಲೆ ಬಿಟ್ಟೆ. ಎತ್ತಿ ಹೊಡೆಯಲಿಲ್ಲ. ಬಿಟ್ಟೆ ಅಷ್ಟೇ. ಮತ್ತೆ ಏಳಲಿಲ್ಲ. ಮೂಗಿನಿಂದ ಉಸಿರು ಬರುತ್ತಿದೆಯೇ ಎಂದು ಸಿಸ್ಟರ್ ಕೂತಲ್ಲಿಂದಲೇ ಬಗ್ಗಿ ನೋಡಿದಳು. ಅಭ್ಯಾಸ!

ಬಿಚ್ಚಿದ ವೈರಿನಿಂದಲೇ ಅವನ ಕೈ ಹಿಂದಕ್ಕೆ ಕಟ್ಟಿದೆ. ನನ್ನ ಮೊಣಕಾಲು ಮಡಚಿದಲ್ಲೇ ನಿಂತುಬಿಟ್ಟಿತ್ತು.

“ಗೂಳಿ?” ಫೋನಿನಲ್ಲಿ ಬೆಣ್ಣೆ ಕರೆದ. “ಲೋ ಗೂಳಿ! ಸಿಸ್ಟರ್, ಏನಾಯ್ತು ಅಲ್ಲಿ?”

ಮೊದಲ ಸಲ ಆ ದನಿ ಏರಿತು.

ಅಷ್ಟರಲ್ಲಿ ಅವನ ಹಿಂದೆ, ದೂರದಲ್ಲಿ, ಸೈರನ್ ಕೇಳಿಸಿತು.

“ಓಹೋ... ಪೊಲೀಸರನ್ನ ಕರೆದ್ರಾ? ಕರೀರಿ. ಅವರು ನಿಮ್ಮ ಹತ್ರ ಬರೋ ಹೊತ್ತಿಗೆ ಈ ಹುಡುಗ...” ಮಾತು ಅರ್ಧಕ್ಕೆ ನಿಂತಿತು. ಸೈರನ್ ಹತ್ತಿರವಾಗುತ್ತಿತ್ತು. ಇನ್ನೂ ಹತ್ತಿರ. “ಇದೇನು... ಇಲ್ಲಿಗ್ಯಾಕೆ ಬರ್ತಿದೆ ಇದು?”

“ನೀವು ನನ್ನ ಮನೇಲಿ ಕೂತಿದ್ದೀರಲ್ಲಾ ಅದಕ್ಕೆ,” ಎಂದಳು ಸಿಸ್ಟರ್.

ಆಮೇಲೆ ಕೇಳಿಸಿದ್ದನ್ನು ಹೇಗೆ ಹೇಳಲಿ? ಕುರ್ಚಿ ಉರುಳಿತು. ಯಾರೋ ಚೀರಿದರು. ಗಾಜು ಒಡೆಯಿತು. ಧಪಧಪ ಬೂಟುಗಳು. “ನಿಲ್ಲೋ! ಚಾಕು ಬಿಸಾಕು!” ಮತ್ತೆ ಒಂದು ಚೀರಾಟ. ಯಾರದೆಂದು ಗೊತ್ತಾಗಲಿಲ್ಲ. ಫೋನ್ ನೆಲಕ್ಕೆ ಬಿದ್ದ ಸದ್ದು.

ಆಮೇಲೆ ಏನೂ ಇಲ್ಲ.

ಸತ್ತವರ ಪಕ್ಕದಲ್ಲಿ ಕೂತವನು ನಾನು. ನನ್ನಾಕೆಯ ಉಸಿರು ನಿಂತ ಮೇಲೆ ಕೋಣೆಯಲ್ಲಿ ಇಂಥದೇ ಮೌನವಿತ್ತು. ಇನ್ನೊಂದು ಉಸಿರು ಬರಬಹುದು, ಇನ್ನೊಂದು ಬರಬಹುದು ಎಂದು ಕಾಯುತ್ತಾ ಕೂತಿದ್ದೆ. ಬರಲಿಲ್ಲ. ಸಿಸ್ಟರ್ ಎರಡೂ ಕೈಯಲ್ಲಿ ರಿಸೀವರ್ ಹಿಡಿದು ಕೂತಿದ್ದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ಕೆಳಗೆ ಪ್ರೆಸ್ಸು ಏನೂ ಅರಿಯದ ಹಾಗೆ ಯಾರದೋ ಕರಪತ್ರ ಅಚ್ಚು ಹಾಕುತ್ತಿತ್ತು. ಟಪ್ಪ... ಟಪ್ಪ...

ಕರಕರ ಎಂದಿತು ಫೋನು.

“ಅಕ್ಕಾ...”

ಅವಳು ಬಿಕ್ಕಿದಳು.

“ಅಳಬೇಡ್ವೇ. ಬೆರಳೆಲ್ಲ ಇವೆ, ಎಣಿಸಿ ನೋಡ್ಕೊಂಡೆ. ಮೂಗು ಒಂಚೂರು ಸೊಟ್ಟ ಆಗಿದೆ. ಮೊದಲೇನು ನೆಟ್ಟಗಿತ್ತಾ! ಅಲ್ಲಾ, ನನಗೆ ಯಾವಾಗಿಂದ ಸಕ್ಕರೆ ಕಾಯಿಲೆ?”

“ನಿನ್ನ ತಲೆ! ಮೂಗಿಗೆ ತಣ್ಣೀರು ಬಟ್ಟೆ ಹಿಡ್ಕೊ. ತಲೆ ಹಿಂದಕ್ಕೆ ಮಾಡ್ಬೇಡ, ಮುಂದಕ್ಕೆ ಬಗ್ಗು,” ಎಂದು ಅಳುತ್ತಲೇ ಗದರಿದಳು.

ಫೋನ್ ಕೈ ಬದಲಾಯಿತು. ಅಧಿಕಾರದ ದನಿ.

“ಹಲೋ, ಇನ್ಸ್‌ಪೆಕ್ಟರ್ ಮಾತಾಡ್ತಿರೋದು. ಇವನನ್ನ ಹಿಡಿದಿದ್ದೀವಿ. ಆದರೆ ಮೇಡಂ, ಕರೆ ಈ ಮನೆಯಿಂದಲೇ ಬಂದಿದೆ ಅಂತಾರೆ ಕಂಟ್ರೋಲ್ ರೂಮಿನವರು. ಮಂಚದ ಕೆಳಗೆ, ಅಟ್ಟದ ಮೇಲೆ ಎಲ್ಲಾ ನೋಡಿಯಾಯ್ತು. ನೀವು ಎಲ್ಲಿದ್ದೀರಿ?”

ಸಿಸ್ಟರ್ ಬಾಯಿ ತೆರೆದಳು. ನಾನು ರಿಸೀವರಿನ ಬಾಯಿ ಮುಚ್ಚಿದೆ.

ಇನ್ಸ್‌ಪೆಕ್ಟರ್ ಒಳ್ಳೆಯವನೇ ಇರಬಹುದು. ಆದರೆ ಬೆಣ್ಣೆ ಎಷ್ಟು ಕೈಗಳಿಗೆ ಸವರಿದ್ದನೋ ಬಲ್ಲವರು ಯಾರು? ಇನ್ನೊಂದು ಪ್ರೆಸ್ಸಿಗೆ ಹೋದವನು ಬೇರೆ ಇನ್ನೂ ಹೊರಗಿದ್ದ. ನಾಳೆ ಬೆಳಿಗ್ಗೆ ಕಟಕಟೆಗೆ ಇವಳು ಹತ್ತುವವರೆಗೆ ನನ್ನ ಕೆಲಸ ಮುಗಿದಿರಲಿಲ್ಲ. ಗೂಳಿ ನರಳಿದ. ಕಾಲಿನಿಂದ ಅವನ ಬಾಯಿಗೆ ಬಟ್ಟೆ ಸರಿಸಿದೆ.

“ಹಲೋ? ಮೇಡಂ? ಯಾರಾದ್ರೂ ಇದ್ದೀರಾ?”

ರಿಸೀವರ್ ಇಸಿದುಕೊಂಡೆ.

“ಮೇಡಂ ಮನೇಲಿಲ್ಲ ಸಾರ್,” ಎಂದು ಅವಳ ಮನೆಯ ಫೋನಿನಲ್ಲೇ ಹೇಳಿ, ಇಟ್ಟುಬಿಟ್ಟೆ.